ಭಂಗಾ, ಗಂಜಾ, ವಿಜಯಾ: ಒಂದು ಸಸ್ಯದ ನಾಮಭೇದವೂ ರಾಜ್ಯಶಾಸನದ ವ್ಯಾಪ್ತಿಯೂ

೧. ಉಪಕ್ರಮ

ಶಬ್ದಾರ್ಥವಿಚಾರವು ಪಂಡಿತರ ಕಾಲಕ್ಷೇಪಕ್ಕೆ ಮಾತ್ರ ಸಲ್ಲತಕ್ಕದ್ದೆಂದು ಲೋಕದಲ್ಲಿ ಒಂದು ಭಾವನೆಯುಂಟು. ಆ ಭಾವನೆಯು ಸಾಧುವಲ್ಲವೆಂಬುದಕ್ಕೆ ಬೆಂಗಳೂರಿನ ಅಂಚಿನಲ್ಲಿಯೇ ಒಂದು ನಿದರ್ಶನವು ದೊರೆಯುತ್ತದೆ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ಅನತಿದೂರದಲ್ಲಿರುವ ಬೇಗೂರು ಕನ್ನಡ ವಿದ್ವಾಂಸರಿಗೆ ಅಪರಿಚಿತವಾದ ಗ್ರಾಮವಲ್ಲ. ‘ಬೆಂಗಳೂರು’ ಎಂಬ ಹೆಸರನ್ನು ಹೊತ್ತ, ಸುಮಾರು ಕ್ರಿ.ಶ. ೮೯೦ರ ಗಂಗರ ಕಾಲದ ಶಿಲಾಶಾಸನವು ಅಲ್ಲಿಯದೇ. ಒಂದು ಹೆಸರಿನ ಪ್ರಾಚೀನತೆಯನ್ನು ನಮಗೆ ಕಾಪಾಡಿಕೊಟ್ಟ ಆ ಊರಿನ ಸರಹದ್ದಿನಲ್ಲಿ, ೨೦೨೨ನೆಯ ಇಸವಿ ಜೂನ್ ತಿಂಗಳಲ್ಲಿ, ಮತ್ತೊಂದು ಹೆಸರಿನ ಅರ್ಥವು ಒಬ್ಬ ಮನುಷ್ಯನ ಸ್ವಾತಂತ್ರ್ಯವನ್ನೇ ನಿರ್ಣಯಿಸತಕ್ಕ ಸಂದರ್ಭವು ಒದಗಿತು. ಬೇಗೂರಿನ ಪೊಲೀಸರು ಒಬ್ಬನನ್ನು ಹಿಡಿದು ಅವನಲ್ಲಿದ್ದ ೨೯ ಕಿಲೋಗ್ರಾಂ ಭಂಗಿಯನ್ನೂ ೪೦೦ ಗ್ರಾಂ ಗಾಂಜಾವನ್ನೂ ವಶಪಡಿಸಿಕೊಂಡರು. ಆ ೨೯ ಕಿಲೋಗ್ರಾಂ ಪದಾರ್ಥವು ‘ಗಾಂಜಾ’ ಎಂದು ಸಿದ್ಧವಾದರೆ ಹತ್ತು ವರ್ಷಕ್ಕೆ ಕಡಮೆಯಿಲ್ಲದ ಕಠಿನ ಕಾರಾಗೃಹವಾಸ; ‘ಭಂಗಿ’ ಎಂದು ಸಿದ್ಧವಾದರೆ ಅದೇ ಅಧಿನಿಯಮದಂತೆ ಅಪರಾಧವೇ ಇಲ್ಲ. ಎರಡಕ್ಕೂ ಮೂಲವಾದ ಸಸ್ಯವು ಒಂದೇ.

ಈ ಮೊಕದ್ದಮೆಯ ಹಿನ್ನೆಲೆಯಲ್ಲಿ ಇನ್ನೂ ವಿಸ್ತಾರವಾದ ಪ್ರಶ್ನೆಯೊಂದಿರುವುದು. ವಿನೋದಾರ್ಥವಾದ ಗಾಂಜಾಸೇವನೆಯನ್ನು ರಾಜ್ಯಗಳು ತಮ್ಮ ವಿಧಾನಮಂಡಲಗಳ ಮೂಲಕವೇ ಶಾಸನಸಮ್ಮತವನ್ನಾಗಿ ಮಾಡಬಹುದೆ, ಮಾಡಬೇಕೆ ಎಂಬ ಚರ್ಚೆಯು ಈಚಿನ ವರ್ಷಗಳಲ್ಲಿ ಬಲಗೊಂಡಿದೆ. ಬೆಂಗಳೂರಿನ ಹೊರವಲಯದಲ್ಲಿ ಇದಕ್ಕೆ ವಿಶೇಷ ಕಾರಣವುಂಟು. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಗಣಕಸಂಸ್ಥೆಗಳಲ್ಲಿ ಕೆಲಸಮಾಡುವ ತರುಣರು ಉದ್ಯೋಗನಿಮಿತ್ತವಾಗಿ ಕ್ಯಾಲಿಫೋರ್ನಿಯ ಮೊದಲಾದ ಪ್ರಾಂತಗಳಿಗೆ ಹೋಗಿ, ಅಲ್ಲಿ ಈ ಪದಾರ್ಥವು ಅಂಗಡಿಗಳಲ್ಲಿ ಬಹಿರಂಗವಾಗಿ ಮಾರಾಟವಾಗುವುದನ್ನು ಕಂಡು ಬರುತ್ತಾರೆ. ಪೀಣ್ಯದ ಕಾರ್ಖಾನೆಗಳಿಗೆ ಉತ್ತರ ದೇಶದಿಂದ ಬರುವ ಕಾರ್ಮಿಕರಾದರೋ ಕಾಶಿ ಮೊದಲಾದೆಡೆಗಳಲ್ಲಿ ಸರ್ಕಾರದ ಪರವಾನಗಿ ಪಡೆದ ಭಂಗಿಯ ಅಂಗಡಿಗಳನ್ನು ಬಾಲ್ಯದಿಂದಲೇ ಬಲ್ಲವರು. ಪಶ್ಚಿಮದಿಂದ ಒಂದು, ಉತ್ತರದಿಂದ ಒಂದು, ಹೀಗೆ ಎರಡು ವಿಧದ ರೂಢಿಜ್ಞಾನಗಳು ಒಂದೇ ವಲಯದಲ್ಲಿ ಸಂಧಿಸಿವೆ. ಎರಡೂ ಇಲ್ಲಿಯ ಶಾಸನದ ಮುಂದೆ ಪ್ರಮಾಣವಾಗಲಾರವು. ವಿದ್ಯಾರ್ಥಿಗಳು ಈ ವಿಷಯವನ್ನು ಉಪಾಧ್ಯಾಯರಲ್ಲಿ ಪ್ರಶ್ನಿಸುವ ಕಾಲವಿದು. ಆದುದರಿಂದ ಶಬ್ದಗಳ ಇತಿಹಾಸವನ್ನೂ ಶಾಸನದ ಪರಿಭಾಷೆಯನ್ನೂ ಒಂದೆಡೆಯಲ್ಲಿಟ್ಟು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಕೋಶಗಳಲ್ಲಿಯೂ ನಿಘಂಟುಗಳಲ್ಲಿಯೂ

ಮೊದಲು ‘ಭಂಗಾ’ ಶಬ್ದವನ್ನು ನೋಡುವ. ಅಥರ್ವವೇದದ ಹನ್ನೊಂದನೆಯ ಕಾಂಡದ ಆರನೆಯ ಸೂಕ್ತದಲ್ಲಿ, ಸೋಮವನ್ನು ಮುಖ್ಯವಾಗಿ ಉಳ್ಳ ಐದು ಸಸ್ಯವರ್ಗಗಳನ್ನು ಸ್ಮರಿಸುವ ಕಡೆ, ದರ್ಭೆ ಮತ್ತು ಯವಗಳ ಜೊತೆಗೆ ‘ಭಂಗ’ವೂ ಹೇಳಲ್ಪಟ್ಟಿದೆ. ಅಲ್ಲಿಯ ಪ್ರಾರ್ಥನೆಯು ಪಾಪಸಂಕಟಗಳಿಂದ ಬಿಡುಗಡೆಯನ್ನು ಕುರಿತುದು; ಮದವನ್ನಾಗಲಿ ಪಾನವನ್ನಾಗಲಿ ಅದು ವಿಧಿಸುವುದಿಲ್ಲ. ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದಲ್ಲಿ, ಬೆಳೆಯ ಹೊಲವನ್ನು ಹೇಳುವ ತದ್ಧಿತಪ್ರತ್ಯಯಗಳನ್ನು ವಿಧಿಸುವಾಗ, ಎಳ್ಳು, ಉದ್ದು, ಅಗಸೆ, ಅಣುಧಾನ್ಯ ಇವುಗಳ ಸಾಲಿನಲ್ಲಿ ಭಂಗೆಯನ್ನೂ ಹೇಳಿರುವನು. ಆ ಸೂತ್ರದಿಂದ ಭಂಗೆಯ ಹೊಲಕ್ಕೆ ‘ಭಂಗ್ಯ’ವೆಂದೂ ‘ಭಾಂಗೀನ’ವೆಂದೂ ಎರಡು ರೂಪಗಳು ಸಿದ್ಧಿಸುವುವು. ಅಮರಸಿಂಹನು ಇದನ್ನು ವೈಶ್ಯವರ್ಗದಲ್ಲಿ ಅಗಸೆಯ ಹೆಸರುಗಳನ್ನು ಹೇಳಿದೊಡನೆಯೇ ಎತ್ತಿಕೊಂಡು ‘ಮಾತುಲಾನೀ’ ಎಂಬ ಪರ್ಯಾಯಪದವನ್ನು ಕೊಡುತ್ತಾನೆ. ಅಂದರೆ ವೈಯಾಕರಣರಿಗೂ ಕೋಶಕಾರನಿಗೂ ಭಂಗೆಯು ನಾರು ಬೀಜಗಳಿಗಾಗಿ ಬೆಳೆಯತಕ್ಕ ಪೈರುಗಳ ಸಾಲಿನಲ್ಲಿ ನಿಂತಿದ್ದ ಸಸ್ಯ. ಮಾದಕತೆಯ ಪ್ರಸ್ತಾವವು ಅಲ್ಲಿಲ್ಲ.

‘ಗಂಜಾ’ ಶಬ್ದದ ಚರಿತ್ರೆಯು ಬೇರೆ. ಅಮರಕೋಶದ ಪುರವರ್ಗದಲ್ಲಿ ಗಂಜಾ ಎಂದರೆ ಮದಿರಾಗೃಹ, ಎಂದರೆ ಹೆಂಡದಂಗಡಿ, ಸಸ್ಯವಲ್ಲ. ಆದುದರಿಂದ ಹಳೆಯ ಗ್ರಂಥದಲ್ಲಿ ಗಂಜಾ ಶಬ್ದವು ಕಂಡಕೂಡಲೇ ಗಾಂಜಾಸೇವನೆಯ ಪ್ರಾಚೀನತೆಗೆ ಅದನ್ನು ಸಾಕ್ಷಿಯಾಗಿ ಎಳೆಯತಕ್ಕದ್ದಲ್ಲ.

ವೈದ್ಯಗ್ರಂಥಗಳಿಗೆ ಬಂದರೆ, ಶಾರ್ಙ್ಗಧರಸಂಹಿತೆಯು ‘ವ್ಯವಾಯಿ’ ಎಂಬ ದ್ರವ್ಯಲಕ್ಷಣಕ್ಕೆ ಭಂಗೆಯನ್ನೂ ಅಫೀಮನ್ನೂ ಉದಾಹರಣೆಯಾಗಿ ಕೊಡುವುದು. ಜೀರ್ಣವಾಗುವುದಕ್ಕೆ ಮೊದಲೇ ಶರೀರವನ್ನೆಲ್ಲ ವ್ಯಾಪಿಸಿ ಅನಂತರ ಪಾಕಗೊಳ್ಳುವುದು ವ್ಯವಾಯಿ. ಬುದ್ಧಿಯನ್ನು ಲೋಪಗೊಳಿಸುವ ‘ಮದಕಾರಿ’ ದ್ರವ್ಯಕ್ಕೆ ಅದೇ ಗ್ರಂಥವು ಕೊಡುವ ಉದಾಹರಣೆ ಮದ್ಯ. ಈ ವಿವೇಕವು ಗಮನಾರ್ಹವಾದುದು. ಗ್ರಂಥಕಾರನು ಎಲ್ಲವನ್ನೂ ‘ಮಾದಕ’ವೆಂಬ ಒಂದೇ ಚೀಲಕ್ಕೆ ತುಂಬಲಿಲ್ಲ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದ ಹರೀತಕ್ಯಾದಿವರ್ಗದಲ್ಲಿ ಭಂಗಾ, ಗಂಜಾ, ಮಾತುಲಾನೀ, ಮಾದಿನೀ, ವಿಜಯಾ, ಜಯಾ ಎಂಬಿವನ್ನು ಒಂದೇ ಸಸ್ಯದ ಪರ್ಯಾಯನಾಮಗಳಾಗಿ ಪಠಿಸಿ, ಇದು ಪಾಚಕ, ಲಘು, ಉಷ್ಣ, ಪಿತ್ತಕರ ಎಂದು ಗುಣಗಳನ್ನು ಹೇಳುವುದರ ಜೊತೆಯಲ್ಲಿಯೇ ಮೋಹವನ್ನೂ ಮದವನ್ನೂ ಬೆಳೆಸುವುದೆಂದೂ ಎಚ್ಚರಿಸಿದ್ದಾನೆ.

ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ‘ವಿಜಯಾ’ ಎಂಬುದು ಅನೇಕಾರ್ಥಕ. ಅದೇ ಭಾವಪ್ರಕಾಶದ ಅದೇ ವರ್ಗದಲ್ಲಿ ಅಳಲೆಕಾಯಿಯ ಏಳು ಜಾತಿಗಳಲ್ಲಿ ಮೊದಲನೆಯದಕ್ಕೂ ವಿಜಯಾ ಎಂದೇ ಹೆಸರು. ಹಳೆಯ ಯೋಗವೊಂದರಲ್ಲಿ ವಿಜಯಾ ಎಂದಿದ್ದ ಮಾತ್ರಕ್ಕೆ ಭಂಗಿಯೆಂದು ನಿಶ್ಚಯಿಸುವುದು ಸಾಹಸವಾದೀತು. ಪ್ರಕರಣವನ್ನು ನೋಡಿಯೇ ಅರ್ಥವನ್ನು ಗ್ರಹಿಸಬೇಕು. ಎರಡನೆಯದು, ನಿಘಂಟುಕಾರನಿಗೆ ಭಂಗಾ ಮತ್ತು ಗಂಜಾ ಪರ್ಯಾಯಪದಗಳು. ವೈದ್ಯನು ಸಸ್ಯವನ್ನು ಗುಣದಿಂದ ಹೆಸರಿಸಿದನು. ಎಲೆಗೆ ಒಂದು ಹೆಸರು, ಹೂವಿನ ಕೊನೆಗೆ ಒಂದು ಹೆಸರು, ಅಂಟಿಗೆ ಮತ್ತೊಂದು ಹೆಸರು ಎಂಬ ಅಂಗವಿಭಾಗವು ಈ ಪರ್ಯಾಯಮಾಲಿಕೆಯಲ್ಲಿಲ್ಲ. ಅದು ವ್ಯಾಪಾರದ ಮತ್ತು ತೆರಿಗೆಯ ವ್ಯವಹಾರದಲ್ಲಿ ಬೇರೂರಿದ ಭೇದ.

ಕನ್ನಡದಲ್ಲಿ ಇನ್ನೊಂದು ತೊಡಕು ಸೇರಿದೆ. ಭಂಗಾ ಶಬ್ದವು ನಮ್ಮಲ್ಲಿ ‘ಭಂಗಿ’ಯಾಯಿತು; ‘ಭಂಗಿಸೊಪ್ಪು’ ಎಂಬ ಮಾತೂ ರೂಢಿಯಲ್ಲಿದೆ. ಸಂಸ್ಕೃತದ ‘ಶಣ’ವು ‘ಸೆಣಬು’ ಆಯಿತು. ಶಣವು ಬೇರೆಯೇ ಕುಲದ ಸಸ್ಯ. ನಮ್ಮ ರೈತರು ಹಸುರುಗೊಬ್ಬರಕ್ಕಾಗಿ ನಿರಾತಂಕವಾಗಿ ಬಿತ್ತುವ ಅಪ್ಸೆಣಬು ಅದೇ. ಇಂಗ್ಲಿಷಿನ ‘ಹೆಂಪ್’ ಶಬ್ದವಾದರೋ ಎರಡನ್ನೂ ಸೂಚಿಸುವಷ್ಟು ಸಡಿಲವಾದುದು. ಅದನ್ನು ವಿಚಾರಿಸದೆ ‘ಸೆಣಬು’ ಎಂದು ಭಾಷಾಂತರಿಸಿದರೆ, ದಂಡನಾರ್ಹವಾದ ಬೆಳೆಯೂ ದೋಷವಿಲ್ಲದ ಬೆಳೆಯೂ ಒಂದೇ ಹೆಸರನ್ನು ಹೊತ್ತು ನಿಲ್ಲುವುವು.

೩. ಶಾಸನದ ಪರಿಭಾಷೆ ಹುಟ್ಟಿದ ಬಗೆ

೧೮೯೩ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯೊಂದರ ಫಲವಾಗಿ ಭಾರತ ಸರ್ಕಾರವು ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಎಂಬವರ ಅಧ್ಯಕ್ಷತೆಯಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಎಂಬ ವಿಚಾರಣಾಸಮಿತಿಯನ್ನು ನೇಮಿಸಿತು. ಆ ಸಮಿತಿಯು ೧೧೯೩ ಮಂದಿ ಸಾಕ್ಷಿಗಳ ಹೇಳಿಕೆಗಳನ್ನು ಸಂಗ್ರಹಿಸಿ ೧೮೯೪ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಅದರಲ್ಲಿ ಒಣಗಿದ ಎಲೆಯು ಭಂಗಿ ಅಥವಾ ಸಿದ್ಧಿ ಎಂದೂ, ಹೆಣ್ಣುಗಿಡದ ಹೂಬಿಟ್ಟು ಅಂಟುಗೂಡಿದ ಕೊನೆಗಳು ಗಾಂಜಾ ಎಂದೂ, ಬೇರ್ಪಡಿಸಿದ ಅಂಟು ಚರಸ್ ಎಂದೂ ತ್ರಿವಿಧ ವಿಭಾಗವು ಅಂಗೀಕೃತವಾಯಿತು. ಮಿತವಾದ ಸೇವನೆಯಿಂದ ಸಾಮಾನ್ಯವಾಗಿ ಗಣನೀಯವಾದ ಹಾನಿಯಿಲ್ಲವೆಂದೂ, ಅತಿಸೇವನೆಯು ಹಾನಿಕರವೆಂದೂ, ಪೂರ್ಣನಿಷೇಧಕ್ಕಿಂತ ಪರವಾನಗಿ ಮತ್ತು ತೆರಿಗೆಗಳ ಮೂಲಕ ಹಿಡಿತದಲ್ಲಿಡುವುದೇ ಯುಕ್ತವೆಂದೂ ಸಮಿತಿಯು ಅಭಿಪ್ರಾಯಪಟ್ಟಿತು.

ಈ ನೀತಿಯು ಬದಲಾದುದು ಅಂತರರಾಷ್ಟ್ರೀಯ ಒಪ್ಪಂದದಿಂದ. ೧೯೬೧ರ ಏಕೀಕೃತ ಮಾದಕದ್ರವ್ಯ ಒಪ್ಪಂದವು ಗಾಂಜಾದ ವೈದ್ಯಕೀಯೇತರ ಬಳಕೆಯನ್ನು ನಿಲ್ಲಿಸಲು ರೂಢಿಯುಳ್ಳ ದೇಶಗಳಿಗೆ ೨೫ ವರ್ಷಗಳ ಅವಕಾಶವನ್ನು ಕೊಟ್ಟಿತು. ಒಪ್ಪಂದವು ಜಾರಿಗೆ ಬಂದುದು ೧೯೬೪ರ ಡಿಸೆಂಬರಿನಲ್ಲಿ. ಗಡುವು ತೀರಿದುದು ೧೯೮೯ರಲ್ಲಿ. ಅದಕ್ಕೆ ಮೊದಲೇ, ೧೯೮೫ರಲ್ಲಿ, ನಮ್ಮ ಪಾರ್ಲಿಮೆಂಟು ಎನ್.ಡಿ.ಪಿ.ಎಸ್. ಎಂಬ ಸಂಕ್ಷೇಪನಾಮದಿಂದ ಪ್ರಸಿದ್ಧವಾದ ಮಾದಕದ್ರವ್ಯಗಳ ಅಧಿನಿಯಮವನ್ನು ರಚಿಸಿತು. ಅದೇ ವರ್ಷ ನವೆಂಬರ್ ೧೪ರಿಂದ ಅದು ಜಾರಿಯಾಯಿತು.

ಈ ಅಧಿನಿಯಮದ ಎರಡನೆಯ ಪ್ರಕರಣವು ‘ಕ್ಯಾನಬಿಸ್’ ಎಂಬುದಕ್ಕೆ ಮೂರು ಅಂಗಗಳ ಲಕ್ಷಣವನ್ನು ಹೇಳುವುದು. ಬೇರ್ಪಡಿಸಿದ ಅಂಟು ಚರಸ್. ಸಸ್ಯದ ಹೂಬಿಟ್ಟ ಅಥವಾ ಕಾಯಿಕಟ್ಟಿದ ಕೊನೆಗಳು ಗಾಂಜಾ. ಇವೆರಡರ ಯಾವುದೇ ಮಿಶ್ರಣ ಅಥವಾ ಇವುಗಳಿಂದ ಮಾಡಿದ ಪಾನೀಯವು ಮೂರನೆಯದು. ಗಾಂಜಾದ ಲಕ್ಷಣದಲ್ಲಿ, ಕೊನೆಗಳ ಜೊತೆಯಲ್ಲಿಲ್ಲದ ಎಲೆಯನ್ನೂ ಬೀಜವನ್ನೂ ಸ್ಪಷ್ಟವಾಗಿ ಹೊರಗಿಡಲಾಗಿದೆ. ಜೊತೆಗೆ, ಆ ಕೊನೆಗಳನ್ನು ಯಾವ ಹೆಸರಿನಿಂದ ಕರೆದರೂ ಅವು ಗಾಂಜಾವೇ ಎಂಬ ಮಾತೂ ಅಲ್ಲಿದೆ. ಹೀಗೆ, ನಿಘಂಟು ಒಂದಾಗಿಸಿದುದನ್ನು ಶಾಸನವು ಎರಡಾಗಿಸಿತು; ಮತ್ತು ನಾಮವನ್ನಲ್ಲದೆ ಅಂಗವನ್ನೇ ಪ್ರಮಾಣವಾಗಿ ಹಿಡಿಯಿತು.

ಶಿಕ್ಷೆಯು ತೂಕವನ್ನನುಸರಿಸಿ ಬೆಳೆಯುವುದು. ೨೦೦೧ರ ಅಧಿಸೂಚನೆಯಂತೆ ಗಾಂಜಾದಲ್ಲಿ ೧೦೦೦ ಗ್ರಾಂ ವರೆಗೆ ಅಲ್ಪಪ್ರಮಾಣ. ೨೦ ಕಿಲೋಗ್ರಾಂಗಿಂತ ಮೇಲ್ಪಟ್ಟುದು ವಾಣಿಜ್ಯಪ್ರಮಾಣ. ಅಲ್ಪಪ್ರಮಾಣಕ್ಕೆ ಒಂದು ವರ್ಷದ ವರೆಗೆ ಸೆರೆ ಅಥವಾ ೧೦,೦೦೦ ರೂಪಾಯಿಗಳ ವರೆಗೆ ಜುಲ್ಮಾನೆ, ಇಲ್ಲವೆ ಎರಡೂ. ವಾಣಿಜ್ಯಪ್ರಮಾಣಕ್ಕೆ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿನ ಸೆರೆ ಮತ್ತು ಒಂದರಿಂದ ಎರಡು ಲಕ್ಷ ರೂಪಾಯಿ ಜುಲ್ಮಾನೆ. ಇದಲ್ಲದೆ ೩೭ನೆಯ ಪ್ರಕರಣದ ಮೇರೆಗೆ ಜಾಮೀನು ದೊರೆಯುವುದೂ ದುರ್ಲಭ. ಮನೆಯ ತಾರಸಿಯ ಕುಂಡದಲ್ಲಿ ಬೆಳೆಸಿದ ಗಿಡವೂ ‘ಕೃಷಿ’ಯೆಂಬ ಆರೋಪಕ್ಕೆ ಗುರಿಯಾಗಬಹುದು, ಅದಕ್ಕೆ ಹತ್ತು ವರ್ಷದ ವರೆಗೆ ಶಿಕ್ಷೆಯುಂಟು. ತಿಳಿದೂ ತನ್ನ ಮನೆಯನ್ನು ಇಂತಹ ಅಪರಾಧಕ್ಕೆ ಬಿಟ್ಟುಕೊಟ್ಟವನಿಗೂ ೨೫ನೆಯ ಪ್ರಕರಣವು ದಂಡವನ್ನು ವಿಧಿಸುವುದು.

೪. ಪರ್ಯುದಾಸವೋ ಅನುಜ್ಞೆಯೋ

ಬೇಗೂರಿನ ಮೊಕದ್ದಮೆಯಲ್ಲಿ ೨೦೨೨ರ ಆಗಸ್ಟಿನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಆರೋಪಿಗೆ ಜಾಮೀನನ್ನು ಅನುಗ್ರಹಿಸಿದರು. ಅಧಿನಿಯಮದಲ್ಲಿ ಭಂಗಿಯು ನಿಷಿದ್ಧವಾಗಿಲ್ಲ; ಅದು ಉತ್ತರ ಭಾರತದಲ್ಲಿ ಶಿವಾಲಯಗಳ ಬಳಿಯಲ್ಲಿ ಜನರು ಕುಡಿಯುವ, ಲಸ್ಸಿಯ ಅಂಗಡಿಗಳಲ್ಲಿಯೂ ದೊರೆಯುವ ಸಾಂಪ್ರದಾಯಿಕ ಪಾನೀಯ; ವಶಪಡಿಸಿಕೊಂಡ ಭಂಗಿಯು ಗಾಂಜಾ ಅಥವಾ ಚರಸಿನಿಂದ ತಯಾರಾದುದೆಂದು ತೋರಿಸುವ ಪರೀಕ್ಷಾವರದಿ ಇಲ್ಲ; ಉಳಿದ ೪೦೦ ಗ್ರಾಂ ಗಾಂಜಾ ಅಲ್ಪಪ್ರಮಾಣವೇ ಸರಿ: ಇದು ಆದೇಶದ ಸಾರ. ಇದಕ್ಕೆ ಮುಂಚೆ ಮುಂಬಯಿ ಉಚ್ಚ ನ್ಯಾಯಾಲಯವೂ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವೂ ಭಂಗಿಯ ವಿಷಯದಲ್ಲಿ ಇದೇ ದಿಕ್ಕಿನ ನಿರ್ಣಯಗಳನ್ನು ಕೊಟ್ಟಿದ್ದುವು.

ಈ ಆದೇಶವನ್ನು ಕೇಳಿದ ಹಲವರು ‘ಭಂಗಿಗೆ ನ್ಯಾಯಾಲಯವೇ ಒಪ್ಪಿಗೆ ಕೊಟ್ಟಿತು’ ಎಂದು ಹೇಳತೊಡಗಿದರು. ಇಲ್ಲಿಯೇ ನಮ್ಮ ಮೀಮಾಂಸಾಶಾಸ್ತ್ರವು ಉಪಯೋಗಕ್ಕೆ ಬರುವುದು. ನಞ್ ಕ್ರಿಯಾಪದದೊಡನೆ ಅನ್ವಯಿಸಿದರೆ ಪ್ರತಿಷೇಧ; ನಾಮಪದದೊಡನೆ ಅನ್ವಯಿಸಿದರೆ ಪರ್ಯುದಾಸ. ‘ಯಾರೂ ಬೆಳೆಯಕೂಡದು, ಮಾರಕೂಡದು, ಸೇವಿಸಕೂಡದು’ ಎಂಬ ಎಂಟನೆಯ ಪ್ರಕರಣವು ಪ್ರತಿಷೇಧ. ‘ಎಲೆ ಬೀಜಗಳನ್ನು ಬಿಟ್ಟು’ ಎಂಬ ಲಕ್ಷಣವಾಕ್ಯವು ಪರ್ಯುದಾಸ. ಪರ್ಯುದಾಸವು ನಿಷೇಧದ ವಿಷಯವನ್ನು ಸಂಕೋಚಗೊಳಿಸುವುದೇ ಹೊರತು, ಹೊರಗೆ ಬಿಟ್ಟುದನ್ನು ವಿಧಿಸುವುದಿಲ್ಲ. ಎಲೆಯು ಈ ಅಧಿನಿಯಮದ ಬೇಲಿಯ ಹೊರಗಿದೆ ಎಂದಷ್ಟೇ ತಾತ್ಪರ್ಯ. ಹೊರಗೆ ಬೇರೊಂದು ಬೇಲಿ ಇರಬಹುದು. ಮದ್ಯ ಮತ್ತು ಮಾದಕದ್ರವ್ಯಗಳ ತಯಾರಿಕೆ, ಸಂಗ್ರಹ, ಸಾಗಣೆ, ಮಾರಾಟಗಳನ್ನು ಕುರಿತ ಕರ್ನಾಟಕದ ೧೯೬೫ರ ಅಬಕಾರಿ ಅಧಿನಿಯಮವು ಅಂತಹದು. ಉತ್ತರಪ್ರದೇಶ, ರಾಜಸ್ಥಾನಗಳಲ್ಲಿ ಭಂಗಿಯ ಅಂಗಡಿಗೆ ಪರವಾನಗಿ ಬೇಕಾಗಿರುವುದೂ ಆಯಾ ರಾಜ್ಯಗಳ ಅಬಕಾರಿ ನಿಯಮಗಳಿಂದಲೇ. ಕಾಶಿಯ ಪರವಾನಗಿಯು ಪೀಣ್ಯದಲ್ಲಿ ನಡೆಯಲಾರದು.

ಅಂಗವೇ ಪ್ರಮಾಣವಾದುದರಿಂದ ಇನ್ನೊಂದು ಅರ್ಥವೂ ಹೊರಡುವುದು. ಕೊನೆಗಳನ್ನು ಪುಡಿಮಾಡಿ ‘ಭಂಗಿ’ ಎಂಬ ಚೀಟಿಯಂಟಿಸಿದವನು ಪಾರಾಗುವುದಿಲ್ಲ. ಬರಿಯ ಎಲೆಯನ್ನಿಟ್ಟುಕೊಂಡವನನ್ನು ‘ಗಾಂಜಾದವನು’ ಎಂದು ಕರೆದ ಮಾತ್ರಕ್ಕೆ ಅವನು ಅಪರಾಧಿಯೂ ಆಗುವುದಿಲ್ಲ. ಆದರೆ ಪರೀಕ್ಷೆಯ ವರದಿ ಬರುವವರೆಗೆ ಪಂಚನಾಮೆಯಲ್ಲಿ ಬರೆದ ಹೆಸರೇ ಅವನ ಗತಿಯನ್ನು ನಡೆಯಿಸುವುದು. ಆದುದರಿಂದ ಹೆಸರನ್ನು ಬರೆಯುವವನ ಶಬ್ದಜ್ಞಾನವು ಕ್ಷುಲ್ಲಕವಾದ ವಿಷಯವಲ್ಲ.

೫. ರಾಜ್ಯಕ್ಕೆ ಎಷ್ಟು ಅಧಿಕಾರ

ಈಗ ಮೂಲಪ್ರಶ್ನೆಗೆ ಬರುವ. ಕರ್ನಾಟಕದ ವಿಧಾನಮಂಡಲವು ವಿನೋದಾರ್ಥ ಗಾಂಜಾಸೇವನೆಯನ್ನು ತಾನೇ ಶಾಸನಸಮ್ಮತವನ್ನಾಗಿ ಮಾಡಬಲ್ಲುದೆ?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ, ರಾಜ್ಯಪಟ್ಟಿಯ ೫೧ನೆಯ ನಮೂದು ಅಫೀಮು ಮತ್ತು ‘ಇಂಡಿಯನ್ ಹೆಂಪ್’ ಮೊದಲಾದವುಗಳ ಮೇಲೆ ಅಬಕಾರಿ ತೆರಿಗೆಯನ್ನು ವಿಧಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಸಮವರ್ತಿ ಪಟ್ಟಿಯ ೧೯ನೆಯ ನಮೂದು ‘ಔಷಧಗಳು ಮತ್ತು ವಿಷಗಳು’. ಇದರಲ್ಲಿ ಕೇಂದ್ರ ರಾಜ್ಯಗಳೆರಡಕ್ಕೂ ಅಧಿಕಾರವುಂಟು. ಆದರ ೨೫೪ನೆಯ ಅನುಚ್ಛೇದದಂತೆ, ಸಮವರ್ತಿ ವಿಷಯದಲ್ಲಿ ರಾಜ್ಯಶಾಸನವು ಕೇಂದ್ರಶಾಸನಕ್ಕೆ ವಿರುದ್ಧವಾದರೆ ಕೇಂದ್ರಶಾಸನವೇ ಪ್ರಬಲ. ರಾಷ್ಟ್ರಪತಿಗಳ ಸಮ್ಮತಿ ಪಡೆದ ರಾಜ್ಯಶಾಸನವು ಆ ರಾಜ್ಯದಲ್ಲಿ ನಿಲ್ಲಬಹುದಾದರೂ, ಪಾರ್ಲಿಮೆಂಟು ಅದನ್ನು ಮುಂದೆ ರದ್ದುಮಾಡಬಲ್ಲುದು. ಅಂತರರಾಷ್ಟ್ರೀಯ ಒಪ್ಪಂದಗಳನ್ನು ನೆರವೇರಿಸುವುದಕ್ಕಾಗಿ ಪಾರ್ಲಿಮೆಂಟಿಗೆ ೨೫೩ನೆಯ ಅನುಚ್ಛೇದವು ಕೊಟ್ಟಿರುವ ಅಧಿಕಾರವೂ ಇದೆ. ಮಾದಕದ್ರವ್ಯಗಳ ಸೇವನೆಯನ್ನು ವೈದ್ಯಕೀಯ ಪ್ರಯೋಜನದ ಹೊರತು ನಿಲ್ಲಿಸಲು ರಾಜ್ಯವು ಯತ್ನಿಸಬೇಕೆಂಬ ೪೭ನೆಯ ಅನುಚ್ಛೇದದ ನಿರ್ದೇಶನವನ್ನೂ ಗಮನಿಸಬೇಕು.

೧೯೮೫ರ ಅಧಿನಿಯಮದ ಒಳಗೆಯೂ ರಾಜ್ಯಕ್ಕೆ ಸ್ಥಾನವಿಲ್ಲದಿಲ್ಲ. ಚರಸನ್ನು ಬಿಟ್ಟು ಉಳಿದ ರೂಪಗಳ ಕೃಷಿ, ಉತ್ಪಾದನೆ, ಸಾಗಣೆ, ಮಾರಾಟಗಳನ್ನು ಅನುಮತಿಸಿ ನಿಯಂತ್ರಿಸುವ ನಿಯಮಗಳನ್ನು ರಾಜ್ಯಸರ್ಕಾರವು ಹತ್ತನೆಯ ಪ್ರಕರಣದಂತೆ ಮಾಡಬಹುದು. ಆದರೆ ಎಂಟನೆಯ ಪ್ರಕರಣವು ವಿನಾಯಿತಿಯನ್ನು ವೈದ್ಯಕೀಯ ಮತ್ತು ವೈಜ್ಞಾನಿಕ ಪ್ರಯೋಜನಗಳಿಗೆ ಕಟ್ಟಿಹಾಕಿದೆ. ನಾರು, ಬೀಜ, ತೋಟಗಾರಿಕೆಗಳಿಗಾಗಿ ಬೆಳೆಯುವುದಕ್ಕೆ ಮಾತ್ರ ಹದಿನಾಲ್ಕನೆಯ ಪ್ರಕರಣವು ಪ್ರತ್ಯೇಕ ದಾರಿಯನ್ನು ತೆರೆದಿದೆ. ಆದಕಾರಣ ರಾಜ್ಯದ ಅಧಿಕಾರವು ಎಲೆ, ನಾರು, ಬೀಜ, ಔಷಧ ಎಂಬ ನಾಲ್ಕರಲ್ಲಿ ವಾಸ್ತವವಾದುದು. ವಿನೋದಾರ್ಥವಾದ ಗಾಂಜಾದಲ್ಲಿ ಪಾರ್ಲಿಮೆಂಟು ತನ್ನ ಅಧಿನಿಯಮವನ್ನು ತಿದ್ದುವವರೆಗೆ ಅದು ನಾಮಮಾತ್ರವಾದುದು.

‘ಹಾಗಾದರೆ ಅಮೆರಿಕದಲ್ಲಿ ಹೇಗೆ ಸಾಧ್ಯವಾಯಿತು?’ ಎಂಬ ಪ್ರಶ್ನೆಯನ್ನು ವೈಟ್‌ಫೀಲ್ಡಿನ ತರುಣನು ಕೇಳದೆ ಇರನು. ಅಲ್ಲಿ ೧೯೭೦ರ ಒಕ್ಕೂಟಶಾಸನವು ವಿನೋದಾರ್ಥ ಬಳಕೆಯನ್ನು ಒಪ್ಪುವುದಿಲ್ಲ. ಆದರೂ ೧೯೯೬ರಲ್ಲಿ ಕ್ಯಾಲಿಫೋರ್ನಿಯವು ವೈದ್ಯಕೀಯ ಬಳಕೆಗೂ, ೨೦೧೨ರಲ್ಲಿ ಕೊಲೊರಾಡೊ ಮತ್ತು ವಾಷಿಂಗ್ಟನ್ ರಾಜ್ಯಗಳು ವಿನೋದಾರ್ಥ ಬಳಕೆಗೂ ಜನಮತದಿಂದ ಸಮ್ಮತಿಯನ್ನಿತ್ತುವು. ೨೦೧೮ರಲ್ಲಿ ವರ್ಮಾಂಟ್ ರಾಜ್ಯವು ಮೊತ್ತಮೊದಲಿಗೆ ವಿಧಾನಮಂಡಲದ ಮೂಲಕವೇ ಅದನ್ನು ಮಾಡಿತು. ಅಲ್ಲಿ ರಾಜ್ಯಗಳಿಗೆ ತಮ್ಮದೇ ಆದ ದಂಡಶಾಸನವೂ ಪೊಲೀಸೂ ಇವೆ. ಒಕ್ಕೂಟದ ಶಾಸನವನ್ನು ರಾಜ್ಯದ ಪೊಲೀಸರೇ ನಡೆಯಿಸಬೇಕೆಂದು ಒಕ್ಕೂಟವು ಬಲಾತ್ಕರಿಸಲಾರದು. ನಮ್ಮಲ್ಲಾದರೋ ಕೇಂದ್ರದ ಅಧಿನಿಯಮವನ್ನು ನಿತ್ಯವೂ ನಡೆಯಿಸತಕ್ಕವರು ರಾಜ್ಯದ ಪೊಲೀಸರೇ. ಎರಡು ವ್ಯವಸ್ಥೆಗಳ ಕಟ್ಟಡವೇ ಬೇರೆಯಾದುದರಿಂದ ಆ ದೃಷ್ಟಾಂತವು ಇಲ್ಲಿಗೆ ಹೊಂದುವುದಿಲ್ಲ. ಕೆನಡ (೨೦೧೮) ಮತ್ತು ಜರ್ಮನಿಗಳಲ್ಲಿ (೨೦೨೪) ಮಾರ್ಪಾಡು ನಡೆದುದು ಕೇಂದ್ರಶಾಸನದಿಂದಲೇ. ಥಾಯ್‌ಲೆಂಡ್ ೨೦೨೨ರಲ್ಲಿ ನಿಷೇಧವನ್ನು ಸಡಿಲಿಸಿ, ೨೦೨೫ರಲ್ಲಿ ಮತ್ತೆ ವೈದ್ಯರ ಚೀಟಿಯ ಕಟ್ಟಿಗೆ ಒಳಪಡಿಸಿದುದನ್ನೂ ಇಲ್ಲಿ ನೆನೆಯಬಹುದು.

೬. ಇದುವರೆಗಿನ ಪ್ರಯತ್ನಗಳು

ನಮ್ಮ ದೇಶದಲ್ಲಿ ರಾಜ್ಯಗಳು ಮಾಡಿರುವ ಪ್ರಯತ್ನಗಳೆಲ್ಲ ಮೇಲೆ ಹೇಳಿದ ಎಲ್ಲೆಯೊಳಗಿನವೇ. ಉತ್ತರಾಖಂಡವು ೨೦೧೮ರಲ್ಲಿ, ಮದಜನಕವಾದ ಟಿ.ಎಚ್.ಸಿ. ಎಂಬ ಅಂಶವು ಶೇಕಡ ೦.೩ಕ್ಕೆ ಮೀರದ ತಳಿಗಳನ್ನು ಕೈಗಾರಿಕೆಗಾಗಿ ಬೆಳೆಯಲು ಪರವಾನಗಿ ಕೊಟ್ಟಿತು. ಹಿಮಾಚಲಪ್ರದೇಶದ ವಿಧಾನಸಭೆಯು ಜಗತ್ ಸಿಂಗ್ ನೇಗಿಯವರ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ೨೦೨೪ರ ಸೆಪ್ಟೆಂಬರಿನಲ್ಲಿ ಅಂಗೀಕರಿಸಿತು. ಅದೂ ಔಷಧ ಮತ್ತು ಕೈಗಾರಿಕೆಗಳಿಗೆ ಸಂಬಂಧಪಟ್ಟುದು. ಆಹಾರದ ವಿಷಯದಲ್ಲಿ ಕೇಂದ್ರದ ಆಹಾರಸುರಕ್ಷಾ ಪ್ರಾಧಿಕಾರವು ೨೦೨೧ರಲ್ಲಿ ಬೀಜವನ್ನೂ ಬೀಜದ ಎಣ್ಣೆಯನ್ನೂ ಹಿಟ್ಟನ್ನೂ ಆಹಾರವೆಂದು ಮಾನ್ಯಮಾಡಿ, ಬೀಜದಲ್ಲಿ ಟಿ.ಎಚ್.ಸಿ. ಕಿಲೋಗ್ರಾಂಗೆ ೫ ಮಿಲಿಗ್ರಾಂ ಮೀರಬಾರದೆಂದು ಕಟ್ಟುಮಾಡಿತು. ಪಾರ್ಲಿಮೆಂಟಿನಲ್ಲಿ ಪಟಿಯಾಲದ ಸದಸ್ಯರಾಗಿದ್ದ ಧರ್ಮವೀರ ಗಾಂಧಿಯವರು ೧೯೮೫ರ ಅಧಿನಿಯಮವನ್ನು ತಿದ್ದುವ ಖಾಸಗಿ ಮಸೂದೆಯನ್ನು ಸಿದ್ಧಪಡಿಸಿದ್ದರು, ಅದು ಶಾಸನವಾಗಲಿಲ್ಲ.

ಬೆಂಗಳೂರನ್ನು ನೆಲೆಯಾಗಿ ಉಳ್ಳ ಗ್ರೇಟ್ ಲೀಗಲೈಸೇಷನ್ ಮೂವ್‌ಮೆಂಟ್ ಇಂಡಿಯಾ ಎಂಬ ಸಂಸ್ಥೆಯು ೨೦೧೯ರಲ್ಲಿ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ಸಲ್ಲಿಸಿ, ಅಧಿನಿಯಮದ ನಿಷೇಧಗಳನ್ನು ಪ್ರಶ್ನಿಸಿತು. ಅದಕ್ಕೆ ೨೦೨೨ರಲ್ಲಿ ಕೇಂದ್ರಸರ್ಕಾರವು ಕೊಟ್ಟ ಉತ್ತರವು ಗಮನಾರ್ಹವಾದುದು: ದೇಶದಲ್ಲಿ ಪೂರ್ಣನಿಷೇಧವೇನೂ ಇಲ್ಲ, ವೈದ್ಯಕೀಯ, ವೈಜ್ಞಾನಿಕ, ಕೈಗಾರಿಕಾ ಪ್ರಯೋಜನಗಳಿಗೆ ಅನುಮತಿ ಕೊಡಲು ರಾಜ್ಯಗಳಿಗೆ ಅಧಿಕಾರವಿದೆ ಎಂದು ಅದು ತಿಳಿಸಿತು. ನಗರದಿಂದ ಹೊರಟ ಅರ್ಜಿಯು ದೆಹಲಿಗೆ ಹೋಗಿ, ಉತ್ತರವು ಮರಳಿ ರಾಜ್ಯದ ಕಡೆಗೇ ಬೆರಳು ತೋರಿಸಿತು. ಕರ್ನಾಟಕದ ವಿಧಾನಮಂಡಲವಾದರೋ ವಿನೋದಾರ್ಥ ಬಳಕೆಯನ್ನು ಸಮ್ಮತಿಸುವ ಅಧಿನಿಯಮವನ್ನು ಅಂಗೀಕರಿಸಿಲ್ಲ.

೭. ಉಭಯಪಕ್ಷಗಳ ದೋಷ

ಸಮ್ಮತಿಯನ್ನು ಬಯಸುವವರು ‘ವೇದದಲ್ಲಿಯೇ ಇದೆ, ಶಿವನ ಪ್ರಸಾದ’ ಎಂದು ವಾದಿಸುವುದನ್ನು ಕೇಳುತ್ತೇವೆ. ಸಸ್ಯವು ಪ್ರಾಚೀನವೆಂಬುದು ಸತ್ಯ. ಆದರೆ ಪಾಣಿನಿಗೆ ಅದು ಹೊಲದ ಬೆಳೆ, ಅಮರಸಿಂಹನಿಗೆ ಅಗಸೆಯ ನೆರೆಯ ಪೈರು, ಭಾವಮಿಶ್ರನಿಗೆ ಗುಣದೋಷಗಳೆರಡನ್ನೂ ತೂಗಿ ಕೊಡಬೇಕಾದ ಔಷಧ. ಈ ಗ್ರಂಥಗಳಲ್ಲಿ ಯಾವುದೂ ಯಥೇಚ್ಛ ಸೇವನೆಗೆ ವಿಧಿಯಾಗಲಾರದು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಕ್ಷೇತ್ರದಂತಹ ಕೆಲವೆಡೆಗಳಲ್ಲಿ ಗಾಂಜಾವನ್ನು ಪ್ರಸಾದವೆಂದು ಭಾವಿಸುವ ಪದ್ಧತಿಯು ವರದಿಯಾಗಿರುವುದು ನಿಜ. ದೇಶಾಚಾರವೂ ಒಂದು ಸಂಗತಿಯೇ. ಆದರೆ ಅದು ದಂಡಶಾಸನಕ್ಕೆ ಬಾಧಕವಾಗುವುದಿಲ್ಲ.

ವಿರೋಧಿಸುವವರು ‘ಪರವಾನಗಿ ಕೊಟ್ಟರೆ ಸರ್ಕಾರವೇ ಸೇವಿಸಿರೆಂದು ಹೇಳಿದಂತಾಯಿತು’ ಎನ್ನುತ್ತಾರೆ. ಇದೂ ಶಬ್ದಮರ್ಯಾದೆಯನ್ನು ಮೀರಿದ ಮಾತು. ಐದುಗುರುಳ್ಳ ಪ್ರಾಣಿಗಳಲ್ಲಿ ಐದು ಮಾತ್ರ ಭಕ್ಷ್ಯವೆಂಬ ವಾಕ್ಯವು ಭಕ್ಷಣವನ್ನು ವಿಧಿಸುವುದಿಲ್ಲ. ಹಸಿವೆಯಿಂದ ತಾನಾಗಿಯೇ ಪ್ರಾಪ್ತವಾದ ಭಕ್ಷಣವನ್ನು ಐದರ ಹೊರಗೆ ನಿವಾರಿಸುವುದು. ಇದನ್ನೇ ಪರಿಸಂಖ್ಯಾವಿಧಿಯೆನ್ನುವರು. ಮದ್ಯದ ಪರವಾನಗಿಯೂ ಭಂಗಿಯ ಪರವಾನಗಿಯೂ ಪರಿಸಂಖ್ಯೆಗಳೇ. ರಾಗಪ್ರಾಪ್ತವಾದುದಕ್ಕೆ ಎಲ್ಲೆಯನ್ನು ಕಟ್ಟುವುವು. ಎಲ್ಲೆಯು ಎಲ್ಲಿರಬೇಕೆಂಬುದು ಲೋಕಹಿತವನ್ನೂ ವೈದ್ಯರ ಅನುಭವವನ್ನೂ ನೋಡಿ ನಿರ್ಣಯಿಸತಕ್ಕ ವಿಷಯ.

ಆ ಅನುಭವವು ಏನನ್ನು ಹೇಳುವುದು? ೨೦೧೯ರಲ್ಲಿ ಪ್ರಕಟವಾದ ದೆಹಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ಸಮೀಕ್ಷೆಯು ಹತ್ತರಿಂದ ಎಪ್ಪತ್ತೈದು ವರ್ಷದವರಲ್ಲಿ ಶೇಕಡ ೨.೮, ಎಂದರೆ ಸುಮಾರು ೩.೧ ಕೋಟಿ ಜನರು, ಈ ಸಸ್ಯದ ಯಾವುದಾದರೊಂದು ರೂಪವನ್ನು ಬಳಸಿದ್ದರೆಂದು ಕಂಡುಕೊಂಡಿತು. ಭಂಗಿಯನ್ನು ಬಳಸಿದವರು ಸುಮಾರು ೨.೨ ಕೋಟಿ, ಗಾಂಜಾ, ಚರಸ್ ಬಳಸಿದವರು ಸುಮಾರು ೧.೩ ಕೋಟಿ. ಸುಮಾರು ೭೨ ಲಕ್ಷ ಜನರಿಗೆ ಚಿಕಿತ್ಸೆಯ ನೆರವು ಬೇಕಾಗಿತ್ತೆಂಬುದನ್ನು ಸಮ್ಮತಿವಾದಿಗಳು ಮರೆಯಬಾರದು. ತಾರುಣ್ಯದ ಆರಂಭದಲ್ಲಿಯೇ ಅಧಿಕವಾಗಿ ಸೇವಿಸುವವರಲ್ಲಿ ಚಿತ್ತವಿಕಾರದ ಅಪಾಯವು ಹೆಚ್ಚೆಂಬುದೂ ವೈದ್ಯರು ಒಪ್ಪಿರುವ ಮಾತು. ಇತ್ತ, ಎಲೆಯನ್ನೂ ಕೊನೆಯನ್ನೂ ಬೇರೆಬೇರೆಯಾಗಿ ಎಣಿಸಿದರೆ ಮಾತ್ರ ಲೆಕ್ಕವು ಅರ್ಥವತ್ತಾಗುವುದೆಂಬುದನ್ನು ಆ ಸಮೀಕ್ಷಕರೇ ತೋರಿಸಿಕೊಟ್ಟಿರುವುದನ್ನು ನಿಷೇಧವಾದಿಗಳೂ ಗಮನಿಸಬೇಕು. ವ್ಯಸನಿಯು ತಾನಾಗಿ ಚಿಕಿತ್ಸೆಗೆ ಬಂದರೆ ಅಲ್ಪಪ್ರಮಾಣದ ಮತ್ತು ಸೇವನೆಯ ಆರೋಪಗಳಿಂದ ಅವನಿಗೆ ೬೪-ಎ ಪ್ರಕರಣದಲ್ಲಿ ರಕ್ಷಣೆಯುಂಟು. ಈ ಪ್ರಕರಣವು ನಮ್ಮ ತರುಣರಿಗೂ ಅವರ ತಂದೆತಾಯಿಗಳಿಗೂ ತಿಳಿದಿರುವುದು ಅತ್ಯಾವಶ್ಯಕ.

೮. ಉಪಸಂಹಾರ

ಮೇಲಿನ ವಿಚಾರದಿಂದ ಫಲಿಸುವುದಿಷ್ಟು. ವಿನೋದಾರ್ಥ ಗಾಂಜಾದ ಪ್ರಶ್ನೆಯು ಪಾರ್ಲಿಮೆಂಟಿಗೆ ಸೇರಿದುದು. ಎಲೆ, ನಾರು, ಬೀಜ, ಔಷಧ ಇವುಗಳ ವಿಷಯದಲ್ಲಿ ರಾಜ್ಯವು ಏನಾದರೂ ಮಾಡಬಹುದು. ಹಾಗೆ ಮಾಡುವುದಾದರೆ ಆ ಶಾಸನದ ಮೊದಲನೆಯ ಕೆಲಸವು ಲಕ್ಷಣನಿರೂಪಣೆ. ಕನ್ನಡದಲ್ಲಿ ಗಿಡಕ್ಕೆ ‘ಭಂಗಿಗಿಡ’, ಕೊನೆಯಿಲ್ಲದ ಎಲೆಗೆ ‘ಭಂಗಿಸೊಪ್ಪು’, ಹೂಕಾಯಿಗಳ ಕೊನೆಗೆ ‘ಗಾಂಜಾ’, ಅಂಟಿಗೆ ‘ಚರಸ್’, ಉಳಿದವಕ್ಕೆ ‘ಭಂಗಿನಾರು’, ‘ಭಂಗಿಬೀಜ’ ಎಂದು ನಿಯತವಾಗಿ ಬಳಸಿ, ‘ಸೆಣಬು’ ಎಂಬುದನ್ನು ರೈತನ ಅಪ್ಸೆಣಬಿಗೇ ಬಿಟ್ಟುಕೊಡುವುದು ಲೇಸು. ಹಾಗೆಯೇ ‘ಶಾಸನಸಮ್ಮತಿ’, ‘ದಂಡವಿಮುಕ್ತಿ’, ‘ಪರವಾನಗಿ’ ಎಂಬ ಮೂರು ಮಾತುಗಳನ್ನು ಒಂದರ ಬದಲಿಗೊಂದು ಹಾಕಬಾರದು. ಅಪರಾಧವಲ್ಲವೆನ್ನುವುದು ಬೇರೆ, ಶಿಕ್ಷಿಸುವುದಿಲ್ಲವೆನ್ನುವುದು ಬೇರೆ, ಕಟ್ಟಿಗೆ ಒಳಪಟ್ಟು ಮಾರಬಹುದೆನ್ನುವುದು ಬೇರೆ.

ಇವು ಶಬ್ದಕೋಶದ ತಿದ್ದುಪಡಿಗಳೆಂದು ಯಾರಾದರೂ ಉಪೇಕ್ಷಿಸಿದರೆ ಅವರಿಗೆ ಬೇಗೂರಿನ ೨೯ ಕಿಲೋಗ್ರಾಂ ಪದಾರ್ಥವನ್ನು ತೋರಿಸಬಹುದು. ಅಲ್ಲಿ ಒಂದು ನಾಮಪದದ ಎರಡು ಅರ್ಥಗಳ ನಡುವೆ ಇದ್ದ ಅಂತರವು ಹತ್ತು ವರ್ಷ. ನಮ್ಮ ಪಾಠಶಾಲೆಗಳಲ್ಲಿ ಅಮರವನ್ನೂ ನಿಘಂಟನ್ನೂ ಹೇಳಿಕೊಡುವ ಉಪಾಧ್ಯಾಯರು, ಪರ್ಯಾಯಪದವೆಂದರೆ ಎಲ್ಲೆಡೆಯಲ್ಲಿಯೂ ಸಮಾನಾರ್ಥಕವಲ್ಲ, ಶಾಸ್ತ್ರಭೇದದಿಂದ ಅರ್ಥಭೇದವುಂಟೆಂಬುದನ್ನು ಈ ಉದಾಹರಣೆಯಿಂದ ಬೋಧಿಸಿದರೆ, ವಿದ್ಯಾರ್ಥಿಗೆ ವ್ಯಾಕರಣವೂ ತಿಳಿದೀತು, ವ್ಯವಹಾರವೂ ತಿಳಿದೀತು.